ವಸತಿಯಿಲ್ಲದವರಿಗೆ ತೋಟದ ಕೆಲಸ: ಹೇಗೆ ಆರಂಭಿಸಬೇಕು, ಎಲ್ಲಿಗೆ ತಲುಪಿಸಬೇಕು?

ಪ್ರಶ್ನೆ (ತಂಗುದಾಣದ ಸ್ವಯಂಸೇವಕಿ)

ಎಲ್ಲರಿಗೂ ನಮಸ್ಕಾರ. ಮನೆಯಿಲ್ಲದೆ ಬೀದಿಯಲ್ಲಿ ಬದುಕುತ್ತಿರುವವರಿಗಾಗಿ ನಡೆಯುವ ಒಂದು ರಾತ್ರಿ ತಂಗುದಾಣದಲ್ಲಿ ನಾನು ಸ್ವಯಂಸೇವಕಿಯಾಗಿದ್ದೇನೆ. ಕಟ್ಟಡದ ಹಿಂಬದಿಗೆ ಹೊಂದಿಕೊಂಡಂತೆ ಅರ್ಧ ಎಕರೆಯಷ್ಟು ಜಾಗ ಬಹುಕಾಲದಿಂದ ಪಾಳು ಬಿದ್ದಿದ್ದು, ಅದರ ಮಾಲೀಕರು ಕೆಲವು ವರ್ಷಗಳ ಮಟ್ಟಿಗೆ ಅದನ್ನು ತೋಟ ಮಾಡಿಕೊಳ್ಳಲು ಬಿಟ್ಟುಕೊಡುವುದಾಗಿ ಹೇಳಿದ್ದಾರೆ. ನೀರಿಗೆ ತೊಂದರೆಯಿಲ್ಲ. ನಮ್ಮಲ್ಲಿ ತಂಗುವವರಲ್ಲಿ ಹಲವರು ಹಿಂದೆ ಒಂದಲ್ಲ ಒಂದು ಕಸುಬು ಬಲ್ಲವರಾಗಿದ್ದವರೇ. ಕಾಯಿಲೆ, ಸಾಲ, ಕುಟುಂಬದ ಒಡಕು, ಕುಡಿತ ಹೀಗೆ ನಾನಾ ಕಾರಣಗಳಿಂದ ನೆಲೆ ಕಳೆದುಕೊಂಡಿದ್ದಾರೆ. ಅವರಿಗೆ ಈ ಜಾಗದಲ್ಲಿ ತೋಟದ ಕೆಲಸ ಕಲಿಸಿ, ಮುಂದೆ ಸ್ವಂತ ದುಡಿಮೆಯಿಂದ ಬದುಕುವ ದಾರಿ ಮಾಡಿಕೊಡಬಹುದೇ ಎಂಬುದು ನಮ್ಮ ಆಲೋಚನೆ.

ಆದರೆ ಸಮಿತಿಯಲ್ಲಿ ಒಮ್ಮತವಿಲ್ಲ. ತೋಟದ ಕೆಲಸ ಮನಸ್ಸಿಗೆ ನೆಮ್ಮದಿ ಕೊಡುವುದರಿಂದ ಬೆಳಿಗ್ಗೆ ಎರಡು ಗಂಟೆ ಕಾಲ ಸೇವೆಯ ರೂಪದಲ್ಲಿ ಮಾಡಲಿ, ಪ್ರತಿಯಾಗಿ ಊಟ ಹೇಗೂ ಸಿಗುತ್ತದೆ ಎಂದು ಕೆಲವರು ಹೇಳುತ್ತಾರೆ. ತೋಟದಲ್ಲಿ ದುಡಿಯುವವರಿಗೆ ಮಾತ್ರ ಹಾಸಿಗೆ ಕೊಟ್ಟರೆ ಶಿಸ್ತು ಬರುತ್ತದೆ ಎನ್ನುವವರೂ ಇದ್ದಾರೆ. ಈ ಎರಡೂ ಮಾತುಗಳು ನನಗೆ ಸರಿ ಕಾಣುತ್ತಿಲ್ಲ, ಆದರೆ ಪ್ರತಿವಾದಕ್ಕೆ ಬೇಕಾದಷ್ಟು ಅನುಭವ ನನಗಿಲ್ಲ. ಎರಡು ದಿನ ಬಂದು ವಾರಗಟ್ಟಲೆ ಕಾಣಿಸದವರನ್ನು ಏನು ಮಾಡಬೇಕು? ಕುಡಿದು ಬಂದವರನ್ನು? ಮೊದಲು ಏನನ್ನು ಬೆಳೆಯಬೇಕು? ಇಂತಹ ಕೆಲಸವನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.


ಉತ್ತರ (ತೋಟದ ಮೇಲ್ವಿಚಾರಕ)

ಮಾನ್ಯರೇ, ನಿಮ್ಮ ಅಳುಕು ಸರಿಯಾಗಿಯೇ ಇದೆ. ನಾನು ಇಂತಹದೇ ಒಂದು ತೋಟದ ಮೇಲುಸ್ತುವಾರಿಯನ್ನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿರುವುದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲನೆಯದಾಗಿ, ಹಾಸಿಗೆಗೂ ಗುದ್ದಲಿಗೂ ಗಂಟು ಹಾಕಬೇಡಿ. ದುಡಿದರೆ ಮಾತ್ರ ಸೂರು ಎಂಬ ಪದ್ಧತಿ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1834ರ ಬಡವರ ಕಾಯಿದೆಯ ನಂತರ ನೆಲೆಯಿಲ್ಲದವರನ್ನು ದುಡಿಮೆಯ ಮನೆಗಳಿಗೆ ಸೇರಿಸಿ, ಕಲ್ಲು ಒಡೆಸಿ, ಹಳೆಯ ಹಗ್ಗಗಳ ನಾರು ಬಿಡಿಸಿಕೊಳ್ಳುತ್ತಿದ್ದರು. ಅಲ್ಲಿಂದ ಜನ ಹೊರಬಂದದ್ದು ಹೊಸ ಕಸುಬಿನೊಂದಿಗಲ್ಲ, ಅವಮಾನದೊಂದಿಗೆ. ಇದಕ್ಕೆ ತೀರ ಎದುರಾದ ದಾರಿಯನ್ನು 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಆರಂಭಿಸಿದರು: ಕುಡಿತ ಬಿಡಬೇಕು, ಚಿಕಿತ್ಸೆಗೆ ಒಪ್ಪಬೇಕು ಎಂಬ ಯಾವ ಷರತ್ತನ್ನೂ ಹಾಕದೆ ಮೊದಲು ಮನೆ ಕೊಡುವುದು, ಉಳಿದ ಸಹಾಯವನ್ನು ಆಮೇಲೆ ಅವರವರ ಇಚ್ಛೆಯಂತೆ ಒದಗಿಸುವುದು. ಫಿನ್ಲೆಂಡ್ 2008ರಿಂದ ಇದನ್ನೇ ರಾಷ್ಟ್ರೀಯ ನೀತಿಯಾಗಿ ನಡೆಸಿ ಬೀದಿಯಲ್ಲಿ ಮಲಗುವವರ ಸಂಖ್ಯೆಯನ್ನು ಗಣನೀಯವಾಗಿ ತಗ್ಗಿಸಿದೆ. ಕೆನಡಾದಲ್ಲಿ 2009ರಿಂದ ಐದು ನಗರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರೊಂದಿಗೆ ನಡೆದ ಪ್ರಯೋಗದಲ್ಲಿಯೂ, ಹೀಗೆ ಮನೆ ಪಡೆದವರು ಎಂದಿನ ಸೇವೆಗಳನ್ನಷ್ಟೇ ಪಡೆದವರಿಗಿಂತ ಹೆಚ್ಚು ಕಾಲ ಮನೆಯಲ್ಲಿ ನೆಲೆ ನಿಂತರು. ನಿಮ್ಮ ತಂಗುದಾಣ ಮನೆ ಕೊಡಲಾರದಿರಬಹುದು. ಆದರೆ ಹಾಸಿಗೆ ಎಲ್ಲರ ಹಕ್ಕು, ತೋಟ ಇಷ್ಟಪಟ್ಟವರ ಆಯ್ಕೆ ಎಂಬ ಗೆರೆಯನ್ನಂತೂ ಖಂಡಿತ ಎಳೆಯಬಹುದು.

ಎರಡನೆಯದು ಕೂಲಿ. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ. ಊಟಕ್ಕೆ ಪ್ರತಿಯಾಗಿ ಕೆಲಸ ಎಂದಾಗ, ಮೊದಲು ಪುಕ್ಕಟೆಯಾಗಿ ಸಿಗುತ್ತಿದ್ದ ಊಟಕ್ಕೇ ಬೆಲೆ ಕಟ್ಟಿದಂತಾಗುತ್ತದೆ. ಫ್ರಾನ್ಸಿನ ಬೆಸಾನ್ಸಾನ್ ಪಟ್ಟಣದ ಹತ್ತಿರ 1991ರಲ್ಲಿ ಝಾನ್-ಗೀ ಹೆಂಕೆಲ್ ಆರಂಭಿಸಿದ 'ಝಾರ್ದಾಂ ದ ಕೊಕಾಞ್' ಎಂಬ ತೋಟಗಳ ವ್ಯವಸ್ಥೆಯನ್ನು ನೋಡಿ. ಅಲ್ಲಿ ಕೆಲಸಕ್ಕೆ ಬರುವವರು ಒಪ್ಪಂದಕ್ಕೆ ಸಹಿ ಹಾಕಿ ಸಂಬಳ ಪಡೆಯುವ ನೌಕರರು. ಸದಸ್ಯರಾದ ಗ್ರಾಹಕರಿಗೆ ಪ್ರತಿ ವಾರ ರಾಸಾಯನಿಕವಿಲ್ಲದೆ ಬೆಳೆದ ತರಕಾರಿಯ ಬುಟ್ಟಿಯನ್ನು ಒದಗಿಸುತ್ತಾರೆ. ಒಪ್ಪಂದದ ಅವಧಿ ಸಾಮಾನ್ಯವಾಗಿ ಎರಡು ವರ್ಷ ಮೀರುವುದಿಲ್ಲ, ಅಷ್ಟರೊಳಗೆ ಮನೆ, ಆರೋಗ್ಯ, ಮುಂದಿನ ಉದ್ಯೋಗ ಇವುಗಳತ್ತ ಜೊತೆಯಲ್ಲಿ ನಿಂತು ನಡೆಸುತ್ತಾರೆ. ಅಮೆರಿಕದ ಸಾಂತಾ ಕ್ರೂಝ್‌ನಲ್ಲಿ 1990ರಿಂದ ನಡೆಯುತ್ತಿರುವ 'ಹೋಮ್‌ಲೆಸ್ ಗಾರ್ಡನ್ ಪ್ರಾಜೆಕ್ಟ್' ಸಹ ಒಂದು ವರ್ಷದ ಸಂಬಳ ಸಹಿತ ತರಬೇತಿಯನ್ನೇ ಕೊಡುತ್ತದೆ. ಆದರೆ ತರಕಾರಿ ಮಾರಿದ ಹಣದಿಂದಲೇ ಕೂಲಿ ಹುಟ್ಟುತ್ತದೆಂದು ದಯವಿಟ್ಟು ಲೆಕ್ಕ ಹಾಕಬೇಡಿ. ಫ್ರಾನ್ಸಿನ ತೋಟಗಳೂ ಸರ್ಕಾರದ ನೆರವಿಲ್ಲದೆ ನಡೆಯುವುದಿಲ್ಲ. ಅರ್ಧ ಎಕರೆ ಜಾಗದಲ್ಲಿ ನಾಲ್ಕೈದು ಜನರ ಕೂಲಿಯನ್ನು ಮೊದಲ ವರ್ಷ ಪೂರ್ತಿಯಾಗಿ ದೇಣಿಗೆಯಿಂದಲೇ ಹೊಂದಿಸಬೇಕಾಗುತ್ತದೆ. ಅಷ್ಟು ಹಣ ಕೈಯಲ್ಲಿಲ್ಲದಿದ್ದರೆ ಇಬ್ಬರಿಂದ ಆರಂಭಿಸಿ. ಇಪ್ಪತ್ತು ಜನರನ್ನು ಬಿಟ್ಟಿಯಾಗಿ ದುಡಿಸುವುದಕ್ಕಿಂತ ಇಬ್ಬರಿಗೆ ಸರಿಯಾಗಿ ಕೂಲಿ ಕೊಡುವುದು ನೂರು ಪಾಲು ಮೇಲು.

ಬೆಳೆಯ ವಿಷಯಕ್ಕೆ ಬಂದರೆ, ಪಾಳು ಜಾಗದಲ್ಲಿ ಗುದ್ದಲಿ ಹಾಕುವ ಮೊದಲು ಮಣ್ಣಿನ ಪರೀಕ್ಷೆ ಆಗಲೇಬೇಕು. ಹಳೆಯ ಕಟ್ಟಡ ಕೆಡವಿದ ಜಾಗಗಳಲ್ಲಿ, ವಾಹನಗಳ ದುರಸ್ತಿ ನಡೆಯುತ್ತಿದ್ದ ಜಾಗಗಳಲ್ಲಿ ಸೀಸದ ಅಂಶ ಉಳಿದಿರಬಹುದು. ಅಂತಹ ಮಣ್ಣಿನಲ್ಲಿ ಸೊಪ್ಪು ಮತ್ತು ಗೆಡ್ಡೆಗಳನ್ನು ಬೆಳೆಯಬಾರದು. ಹೊರಗಿನಿಂದ ಮಣ್ಣು ತಂದು ಎತ್ತರದ ಮಡಿ ಕಟ್ಟಬೇಕು, ಇಲ್ಲವೇ ಹೂವಿಗೆ ಮೀಸಲಿಡಬೇಕು. ಮಣ್ಣು ಚೆನ್ನಾಗಿದ್ದರೆ ಮೊದಲ ತಿಂಗಳಲ್ಲಿ ಹರಿವೆ, ಮೆಂತ್ಯ, ಮೂಲಂಗಿಯಂತಹ ಬೇಗ ಕೈಗೆ ಬರುವ ಬೆಳೆಗಳನ್ನು ಹಾಕಿ. ಮೂಲಂಗಿ ಬಿತ್ತಿದ ನಾಲ್ಕೈದು ದಿನಕ್ಕೆ ಮೊಳೆಯುತ್ತದೆ, ಒಂದು ತಿಂಗಳ ಆಸುಪಾಸಿನಲ್ಲಿ ಕೀಳಲು ಬರುತ್ತದೆ. ನಾಳೆಯ ಬಗ್ಗೆ ಯೋಚಿಸುವುದನ್ನೇ ಬಿಟ್ಟಿರುವವರಿಗೆ ಒಂದು ವರ್ಷದ ನಂತರ ಕಾಯಿ ಬಿಡುವ ಗಿಡ ದೂರದ ಮಾತಾಗುತ್ತದೆ.

ಜೊತೆಗೆ ಒಂದು ಸಣ್ಣ ಸಸಿಮನೆ ಇರಲಿ. ನನ್ನ ಅನುಭವದಲ್ಲಿ ಹೊಸಬರು ಮೊದಲು ನೆಲೆಗೊಳ್ಳುವುದು ಅಲ್ಲಿಯೇ. ಒತ್ತಾಗಿ ಮೊಳೆತ ಸಸಿಗಳನ್ನು ಬಿಡಿಸಿ ಒಂದೊಂದು ಗುಣಿಗೆ ವರ್ಗಾಯಿಸುವಾಗ ಕಾಂಡವನ್ನು ಹಿಡಿಯಬಾರದು, ಬೀಜದೆಲೆಯ ತುದಿಯನ್ನು ಹಿಡಿಯಬೇಕು. ಎಲೆ ಹರಿದರೆ ಇನ್ನೊಂದು ಬರುತ್ತದೆ, ಎಳೆಯ ಕಾಂಡ ನಜ್ಜುಗುಜ್ಜಾದರೆ ಸಸಿ ಹೋದಂತೆಯೇ. ತೆಳ್ಳನೆಯ ಕಡ್ಡಿಯಿಂದ ಬೇರನ್ನು ಕೆಳಗಿನಿಂದ ಮೀಟಿ, ಎಲೆಯನ್ನು ಎರಡು ಬೆರಳಲ್ಲಿ ಎತ್ತಿ, ಗುಣಿಯೊಳಗೆ ಇಳಿಸಿ, ಸುತ್ತಲಿನ ಮಣ್ಣನ್ನು ಮೆಲ್ಲಗೆ ಒತ್ತಬೇಕು. ಕೈ ನಡುಗುವವರಿಗೂ ಕೆಲವು ದಿನಗಳಲ್ಲಿ ಇದು ಹಿಡಿತಕ್ಕೆ ಬರುವುದನ್ನು ನಾನು ನೋಡಿದ್ದೇನೆ. ಯಾರೊಂದಿಗೂ ಮಾತಾಡಬೇಕಾಗಿಲ್ಲ, ಯಾರ ಮುಖವನ್ನೂ ನೋಡಬೇಕಾಗಿಲ್ಲ, ಆದರೂ ಪಕ್ಕದಲ್ಲಿ ಒಬ್ಬರು ಇದೇ ಕೆಲಸ ಮಾಡುತ್ತಿರುತ್ತಾರೆ. ಮಾತು ಬರುವುದಾದರೆ ಆಗ ತಾನಾಗಿಯೇ ಬರುತ್ತದೆ.

ಬಾರದೆ ಹೋಗುವವರ ಬಗ್ಗೆ ಕೇಳಿದ್ದೀರಿ. ಬಂದೇ ಬರುತ್ತಾರೆಂದು ನಂಬಿಯೂ, ಬಾರದಿದ್ದರೆ ತೋಟ ಕೆಡದಂತೆಯೂ ವ್ಯವಸ್ಥೆ ಮಾಡಿಕೊಳ್ಳಬೇಕು. ಪ್ರತಿ ಮಡಿಗೂ ಇಬ್ಬರ ಹೊಣೆ ಇರಲಿ, ನೀರಿಗೆ ಹನಿ ನೀರಾವರಿ ಇರಲಿ. ಒಬ್ಬರು ಬಾರದ ಕಾರಣಕ್ಕೆ ಸಸಿಗಳು ಒಣಗಿದರೆ ಅವರು ಆ ಸಂಕೋಚದಲ್ಲಿಯೇ ಮತ್ತೆ ತೋಟದತ್ತ ತಲೆ ಹಾಕುವುದಿಲ್ಲ. ವಾರದ ನಂತರ ಬಂದವರನ್ನು ಎಲ್ಲರ ಎದುರು ವಿಚಾರಿಸಬೇಡಿ. ಆ ದಿನದ ಕೆಲಸ ತಿಳಿಸಿ, ಬಿಡುವಾದಾಗ ಪಕ್ಕಕ್ಕೆ ಕರೆದು ಮಾತಾಡಿ. ಬಂದಷ್ಟು ದಿನದ ಕೂಲಿ ಸಿಗುತ್ತದೆ, ಬಾರದ ದಿನದ್ದು ಇಲ್ಲ. ಶಿಸ್ತಿಗೆ ಅಷ್ಟು ಸಾಕು.


ಉತ್ತರ (ಮಾನಸಿಕ ಆರೋಗ್ಯ ವಿಭಾಗದ ಸಮಾಜ ಕಾರ್ಯಕರ್ತೆ)

ಮೇಲಿನವರು ಬರೆದದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆರೋಗ್ಯದ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸಬೇಕಾಗಿದೆ, ಏಕೆಂದರೆ ಇವು ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ.

ತೋಟವೇ ಮದ್ದು ಎಂಬ ನಂಬಿಕೆಯನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ಈ ಮಾತಿಗೆ ಆಧಾರವಾಗಿ ರೋಜರ್ ಅಲ್ರಿಚ್ ಅವರ 1984ರ ಅಧ್ಯಯನವನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿ ನೋಡಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ತೀವ್ರವಾದ ನೋವು ನಿವಾರಕಗಳನ್ನೂ ಕಡಿಮೆ ಬಳಸಿದರು. ಅದು ಬೆಲೆಯುಳ್ಳ ಅಧ್ಯಯನವೇ ಸರಿ. ಆದರೆ ಅವರೆಲ್ಲರಿಗೂ ಮರಳಿ ಹೋಗಲು ಮನೆ ಇತ್ತು. ರಾತ್ರಿ ಯಾರು ಬಂದು ಎಬ್ಬಿಸುತ್ತಾರೋ ಎಂಬ ಭಯದಲ್ಲಿ ಅರೆನಿದ್ದೆ ಮಾಡುವವರಿಗೆ ಹಸಿರು ಕೊಡುವ ನೆಮ್ಮದಿ ಸಂಜೆಯವರೆಗೆ ಮಾತ್ರ ಉಳಿಯುತ್ತದೆ. ಆದ್ದರಿಂದ ತೋಟದ ಕೆಲಸದ ಜೊತೆಜೊತೆಗೇ ಕಾಯಂ ವಸತಿಗಾಗಿ ಓಡಾಡುವವರು ಒಬ್ಬರು ನಿಮ್ಮ ತಂಡದಲ್ಲಿ ಇರಲೇಬೇಕು.

ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರ ಬಗ್ಗೆ ವಿಶೇಷ ಕಾಳಜಿ ಬೇಕು. ಕೆಲವು ಔಷಧಗಳು ದೇಹದ ಶಾಖವನ್ನು ಹತೋಟಿಯಲ್ಲಿಡುವ ಶಕ್ತಿಯನ್ನು ಕುಗ್ಗಿಸುತ್ತವೆ. ಲಿಥಿಯಂ ತೆಗೆದುಕೊಳ್ಳುವವರು ಬಿಸಿಲಲ್ಲಿ ಬೆವರಿ ನೀರು ಕುಡಿಯದೆ ಇದ್ದರೆ ರಕ್ತದಲ್ಲಿ ಅದರ ಪ್ರಮಾಣ ಏರಿ ವಿಷವಾಗಬಲ್ಲದು; ಕೈ ನಡುಕ ಹೆಚ್ಚುವುದು, ವಾಂತಿ, ತಡವರಿಸುವ ನಡಿಗೆ ಕಂಡರೆ ಕೂಡಲೇ ವೈದ್ಯರ ಬಳಿ ಕರೆದೊಯ್ಯಬೇಕು. ಬಿಸಿಲೇರುವ ಮೊದಲೇ ಹೊರಗಿನ ಕೆಲಸ ಮುಗಿಯಲಿ, ನೆರಳಿನಲ್ಲಿ ಕುಡಿಯುವ ನೀರು ಸದಾ ಇರಲಿ. ಯಾರು ಯಾವ ಔಷಧ ತೆಗೆದುಕೊಳ್ಳುತ್ತಾರೆಂಬುದು ಮೇಲ್ವಿಚಾರಕರಿಗೆ ಅವರ ಒಪ್ಪಿಗೆಯಿಂದ ಮಾತ್ರ ತಿಳಿಯಬೇಕು, ಉಳಿದವರಿಗೆ ತಿಳಿಯಲೇಬಾರದು.

ಕೆಲಸ ಆರಂಭಿಸುವ ಮುನ್ನ ಎಲ್ಲರಿಗೂ ಧನುರ್ವಾಯುವಿನ ಚುಚ್ಚುಮದ್ದು ಕೊಡಿಸಿ. ಮಣ್ಣಿನಲ್ಲಿಯೇ ಆ ರೋಗಾಣು ಇರುತ್ತದೆ, ಬೀದಿಯಲ್ಲಿ ಬದುಕಿದವರ ಕಾಲುಗಳಲ್ಲಿ ಗಾಯ ಇರುವುದು ಸಾಮಾನ್ಯ. ಮುಚ್ಚಿದ ಬೂಟು ಮತ್ತು ಕೈಗವಸು ಸಂಸ್ಥೆಯ ಖರ್ಚಿನಲ್ಲಿಯೇ ಬರಲಿ. ಕುಡಿದು ಬಂದವರಿಗೆ ಆ ದಿನ ಕಳೆ ಕತ್ತರಿಸುವ ಯಂತ್ರ, ಕುಡುಗೋಲು ಯಾವುದನ್ನೂ ಕೊಡಬಾರದು, ಕೂಲಿಯ ಕೆಲಸವೂ ಇಲ್ಲ. ಆದರೆ ಬಾಗಿಲಿನಿಂದಲೇ ಅಟ್ಟಬೇಡಿ. ನೆರಳಿನಲ್ಲಿ ಕೂರಿಸಿ, ನಾಳೆ ಬನ್ನಿ ಎಂದು ಹೇಳಿ ಕಳುಹಿಸಿ. ಬಹಳ ಕುಡಿಯುವವರು ತೋಟದ ಹುಮ್ಮಸ್ಸಿನಲ್ಲಿ ಒಮ್ಮೆಲೇ ಕುಡಿತ ನಿಲ್ಲಿಸುವುದೂ ಅಪಾಯಕಾರಿ. ಫಿಟ್ಸ್ ಬರಬಹುದು, ಪ್ರಾಣಕ್ಕೂ ಕುತ್ತು ಬರಬಹುದು. ಅದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಮಾಡಬೇಕು.


ಉತ್ತರ (ಸಸಿಮನೆಯ ನೌಕರ)

ನಾನು ಕೆಲವು ವರ್ಷ ಹೊರಗೆ ಮಲಗಿದವನು. ಈಗ ಒಂದು ಸಸ್ಯೋದ್ಯಾನದ ಸಸಿಮನೆಯಲ್ಲಿ ಕಾಯಂ ಕೆಲಸದಲ್ಲಿದ್ದೇನೆ, ಬಾಡಿಗೆ ಕೋಣೆಯೂ ಇದೆ. ನೀವು ನಡೆಸಬೇಕೆಂದಿರುವಂತಹ ತೋಟವೊಂದರಿಂದಲೇ ನನಗೆ ಈ ದಾರಿ ಸಿಕ್ಕಿತು. ಆದ್ದರಿಂದ ಆ ಬದಿಯಿಂದ ಕಂಡದ್ದನ್ನು ಬರೆಯುತ್ತೇನೆ.

ಬೀಗ ಇರುವ ಒಂದು ಪೆಟ್ಟಿಗೆ ಕೊಡಿ, ಕೀಲಿ ಅವರ ಬಳಿಯೇ ಇರಲಿ. ಹೊರಗೆ ಇರುವವರು ಬೆಳಿಗ್ಗೆ ಕೆಲಸಕ್ಕೆ ಬಾರದಿರುವುದಕ್ಕೆ ಸೋಮಾರಿತನ ಕಾರಣ ಎಂದು ಜನ ತಿಳಿಯುತ್ತಾರೆ. ಹೊದಿಕೆ, ಬಟ್ಟೆ, ಔಷಧ, ಕಾಗದಪತ್ರ ಎಲ್ಲವನ್ನೂ ಒಂದು ಚೀಲದಲ್ಲಿ ಹೊತ್ತು ತಿರುಗುವವರು ಆ ಚೀಲವನ್ನು ಎಲ್ಲಿಟ್ಟು ಗುದ್ದಲಿ ಹಿಡಿಯಬೇಕು? ಗುರುತಿನ ಚೀಟಿ ಒಮ್ಮೆ ಕಳುವಾದರೆ ಅದನ್ನು ಮತ್ತೆ ಪಡೆಯಲು ಬೇಕಾಗುವ ವಿಳಾಸವೇ ಅವರಿಗಿರುವುದಿಲ್ಲ. ಪೆಟ್ಟಿಗೆ ಬಂದ ಮೇಲೆ ನನ್ನ ಎರಡೂ ಕೈಗಳು ಖಾಲಿಯಾದವು. ಕೆಲಸ ಆರಂಭವಾದದ್ದು ಆಮೇಲೆ. ಸ್ನಾನಕ್ಕೂ ಬಟ್ಟೆ ಒಗೆಯುವುದಕ್ಕೂ ವ್ಯವಸ್ಥೆ ಇರಲಿ. ಮೈಯೆಲ್ಲ ಮಣ್ಣಾದ ಮೇಲೆ ಮತ್ತೆ ಅದೇ ಬಟ್ಟೆಯಲ್ಲಿ ಬಸ್ಸು ಹತ್ತಿದರೆ ಜನ ಪಕ್ಕದಲ್ಲಿ ಕೂರುವುದಿಲ್ಲ.

ಕೂಲಿಯನ್ನು ಮೊದಮೊದಲು ವಾರಕ್ಕೊಮ್ಮೆ, ಸಾಧ್ಯವಾದರೆ ದಿನದಿನವೂ ಕೊಡಿ. ತಿಂಗಳ ಕೊನೆಯವರೆಗೆ ಕಾಯುವ ಶಕ್ತಿ ಎಲ್ಲರಲ್ಲಿಯೂ ಇರುವುದಿಲ್ಲ. ಬ್ಯಾಂಕ್ ಖಾತೆ ತೆರೆಯಲು ಜೊತೆಯಲ್ಲಿ ಹೋಗಿ ನೆರವಾಗಿ, ಆದರೆ ಖಾತೆ ಇಲ್ಲವೆಂಬ ಕಾರಣಕ್ಕೆ ಕೂಲಿ ತಡೆಯಬೇಡಿ.

ದೇಣಿಗೆ ಕೊಟ್ಟವರು ನೋಡಲು ಬಂದಾಗ ಫೋಟೊ ತೆಗೆಯುವ ಪದ್ಧತಿಯನ್ನು ಮೊದಲಿನಿಂದಲೇ ನಿಲ್ಲಿಸಿ. ತಮ್ಮ ಮಗಳು ಆ ಚಿತ್ರ ನೋಡಿದರೆ ಎಂಬ ಭಯದಲ್ಲಿ ಒಬ್ಬರು ಮರುದಿನದಿಂದ ಬರುವುದನ್ನೇ ನಿಲ್ಲಿಸಿದರು. ಅವರ ಕೈಗುಣ ಎಷ್ಟು ಚೆನ್ನಾಗಿತ್ತೆಂದರೆ, ಅವರು ಕಟ್ಟಿದ ಕಸಿ ಒಂದೂ ಹುಸಿಹೋಗುತ್ತಿರಲಿಲ್ಲ. ಫೋಟೊ ಬೇಕಿದ್ದರೆ ಗಿಡಗಳದ್ದು ತೆಗೆಯಲಿ. ಬೆನ್ನ ಮೇಲೆ ಸಂಸ್ಥೆಯ ಹೆಸರು ಅಚ್ಚಾದ ಅಂಗಿಯನ್ನೂ ಕೊಡಬೇಡಿ. ದುಡಿದು ಹಿಂತಿರುಗುವಾಗ ನಾವು ಬೇರೆ ಯಾವ ಮಾಲಿಯಂತೆಯೇ ಕಾಣಬೇಕು.

ಇನ್ನೊಂದು ಮಾತು. ನಮ್ಮನ್ನು ಕೇಳಿ. ಯಾವ ಮಡಿಯಲ್ಲಿ ಏನು ಹಾಕೋಣ, ಈ ಬಳ್ಳಿಗೆ ಚಪ್ಪರ ಯಾವ ಕಡೆಯಿಂದ ಕಟ್ಟೋಣ ಎಂದು ನನ್ನನ್ನು ಕೇಳಿದ ದಿನ, ಬಹಳ ಕಾಲದ ನಂತರ ಯಾರೋ ನನ್ನ ಅಭಿಪ್ರಾಯಕ್ಕಾಗಿ ನಿಂತು ಕಾದರು. ತಂಗುವವರಲ್ಲಿ ಕೃಷಿ ಮಾಡಿ ಬಂದವರು ಖಂಡಿತ ಇರುತ್ತಾರೆ. ಅವರು ನಿಮ್ಮ ತರಬೇತುದಾರರಾಗಲಿ.


ಮರುಪ್ರಶ್ನೆ (ತಂಗುದಾಣದ ಸ್ವಯಂಸೇವಕಿ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೀಗದ ಪೆಟ್ಟಿಗೆಯ ಮಾತು ನಮ್ಮ ಯಾರ ಯೋಚನೆಗೂ ಬಂದಿರಲಿಲ್ಲ. ಮೊದಲ ಖರ್ಚು ಅದಕ್ಕೇ ಆಗಬೇಕೆಂದು ಸಮಿತಿಯ ಮುಂದೆ ಇಡುತ್ತೇನೆ. ನನಗೆ ಉಳಿದಿರುವ ಚಿಂತೆ ಒಂದೇ. ತರಬೇತಿ ಮುಗಿದ ಮೇಲೆ ಇವರನ್ನು ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ? ಒಂದು ವರ್ಷ ಆಸೆ ಹುಟ್ಟಿಸಿ ಮತ್ತೆ ಬೀದಿಗೆ ಬಿಟ್ಟಂತಾದರೆ ಅದು ಮೊದಲಿಗಿಂತ ದೊಡ್ಡ ಅನ್ಯಾಯವಲ್ಲವೇ?


ಉತ್ತರ (ಉದ್ಯಾನ ನಿರ್ವಹಣೆಯ ಗುತ್ತಿಗೆದಾರ)

ನಾನು ವಸತಿ ಸಮುಚ್ಚಯಗಳ ಮತ್ತು ಕಚೇರಿಗಳ ಉದ್ಯಾನಗಳನ್ನು ಗುತ್ತಿಗೆಗೆ ನೋಡಿಕೊಳ್ಳುವವನು, ಹೀಗೆ ತರಬೇತಿ ಪಡೆದು ಬಂದವರನ್ನು ಕೆಲಸಕ್ಕೆ ತೆಗೆದುಕೊಂಡಿದ್ದೇನೆ. ನಿಮ್ಮ ಚಿಂತೆಗೆ ಉತ್ತರ ತರಬೇತಿಯ ಕೊನೆಯಲ್ಲಿ ಸಿಗುವುದಿಲ್ಲ, ಆರಂಭದಲ್ಲಿಯೇ ಹುಡುಕಬೇಕು. ಮೊದಲ ಮಡಿ ಹಾಕುವ ಮುನ್ನ ಸುತ್ತಲಿನ ಸಸಿಮನೆಗಳವರನ್ನು, ನನ್ನಂತಹ ಗುತ್ತಿಗೆದಾರರನ್ನು, ಉದ್ಯಾನವಿರುವ ಸಂಸ್ಥೆಗಳವರನ್ನು ಕರೆದು, ನಿಮಗೆ ಎಂತಹ ಕೆಲಸಗಾರರು ಬೇಕು ಎಂದು ಕೇಳಿ, ಅದಕ್ಕೆ ತಕ್ಕಂತೆ ಕಲಿಸಿ.

ನನ್ನ ಉತ್ತರವನ್ನಂತೂ ಇಲ್ಲಿಯೇ ಹೇಳಿಬಿಡುತ್ತೇನೆ. ತರಕಾರಿ ಬೆಳೆಯಲು ಬಲ್ಲವರಿಗೆ ನನ್ನಲ್ಲಿ ಕೆಲಸ ಕಡಿಮೆ. ಹನಿ ನೀರಾವರಿಯ ಕೊಳವೆಯಲ್ಲಿ ಕಟ್ಟಿಕೊಂಡ ರಂಧ್ರವನ್ನು ಗುರುತಿಸಿ ಸರಿಪಡಿಸುವವರು, ಮೊಗ್ಗಿನ ಸ್ವಲ್ಪ ಮೇಲೆ ಓರೆಯಾಗಿ, ಸಿಗುರು ಏಳದಂತೆ ಕತ್ತರಿಸುವವರು, ಬೇಲಿ ಗಿಡವನ್ನು ಬುಡ ಅಗಲವಾಗಿಯೂ ತುದಿ ಕಿರಿದಾಗಿಯೂ ಇರುವಂತೆ ಸವರುವವರು, ಹುಲ್ಲು ಕತ್ತರಿಸುವ ಯಂತ್ರದ ಅಲಗು ಬಿಚ್ಚಿ ಹರಿತ ಮಾಡುವವರು ಸಿಕ್ಕರೆ ಅವರ ಹಿಂದಿನ ಬದುಕು ಏನಿತ್ತೆಂದು ನಾನು ಕೇಳುವುದಿಲ್ಲ. ಕಾಂಪೋಸ್ಟ್ ಮಾಡಲು ಸರಿಯಾಗಿ ಕಲಿತವರಿಗೂ ಬೇಡಿಕೆ ಇದೆ. ರಾಶಿಯ ಒಳಗಿನ ಶಾಖ 55 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಕೆಲವು ದಿನ ನಿಲ್ಲುವಂತೆ ನೋಡಿಕೊಂಡು, ಆಗಾಗ್ಗೆ ತಿರುವಿಹಾಕಿದರೆ ರೋಗಾಣುಗಳೂ ಕಳೆಬೀಜಗಳೂ ಬಹುಪಾಲು ಸಾಯುತ್ತವೆ. ಇದನ್ನು ಉಷ್ಣಮಾಪಕ ಹಿಡಿದು ದಿನವೂ ಬರೆದಿಡುವ ಅಭ್ಯಾಸವಿರುವ ಒಬ್ಬ ಕೆಲಸಗಾರ ನನಗೆ ಇಬ್ಬರಿಗೆ ಸಮ. ಓದು ಬರಹ ಬಾರದವರಿಗೆ ಕೀಟನಾಶಕದ ಡಬ್ಬಿಗಳ ಮೇಲಿನ ಬಣ್ಣದ ಗುರುತುಗಳನ್ನಾದರೂ ಕಲಿಸಿ, ಇದು ಅವರ ಜೀವದ ಪ್ರಶ್ನೆ.

ಕೆಲಸ ಕಡಿಮೆಯಿರುವ ತಿಂಗಳುಗಳಲ್ಲಿ ಜನ ಚದುರಿಹೋಗುತ್ತಾರೆ. ಸಾಂತಾ ಕ್ರೂಝ್‌ನ ತೋಟದವರು ಒಣಗಿಸಿದ ಹೂವುಗಳಿಂದ ಹಾರ, ಅಲಂಕಾರ ವಸ್ತುಗಳನ್ನು ಮಾಡಿ ಮಾರುತ್ತಾರೆ. ನಿಮ್ಮಲ್ಲಿ ಬೀಜ ಬಿಡಿಸುವುದು, ಕುಂಡಗಳಿಗೆ ಮಣ್ಣು ಬೆರೆಸುವುದು, ಸಲಕರಣೆಗಳ ಹಿಡಿ ಬದಲಾಯಿಸುವುದು ಏನಾದರೂ ಇರಲಿ, ಕೂಲಿ ಮಾತ್ರ ನಿಲ್ಲಬಾರದು.

ತರಬೇತಿಯ ಕೊನೆಯ ಮೂರು ತಿಂಗಳು ವಾರದಲ್ಲಿ ಎರಡು ದಿನ ಅವರು ನನ್ನಂತಹವರ ಬಳಿ ಕೆಲಸ ಮಾಡಲಿ, ಉಳಿದ ದಿನ ನಿಮ್ಮ ತೋಟದಲ್ಲಿರಲಿ. ಹೊಸ ಜಾಗದಲ್ಲಿ ತೊಡಕು ಬಂದರೆ ಮಾತಾಡಲು ಹಳೆಯ ಮೇಲ್ವಿಚಾರಕರು ಇನ್ನೂ ಇರುತ್ತಾರೆ, ನಮಗೂ ಅವರ ಕೈಕೆಲಸ ಪರಿಚಯವಾಗಿರುತ್ತದೆ. ಕೆಲಸಕ್ಕೆ ಸೇರಿದ ಮೇಲೂ ಆರು ತಿಂಗಳವರೆಗೆ ನಿಮ್ಮ ಕಡೆಯವರು ಒಬ್ಬರು ತಿಂಗಳಿಗೊಮ್ಮೆಯಾದರೂ ಬಂದು ಅವರನ್ನೂ ನಮ್ಮನ್ನೂ ಮಾತಾಡಿಸಿ ಹೋಗಬೇಕು. ಸೇರಿದವರು ಕೆಲಸ ಬಿಟ್ಟುಹೋಗುವುದು ಹೆಚ್ಚಾಗಿ ಕೆಲಸ ಕಷ್ಟವೆಂದಲ್ಲ. ಬಾಡಿಗೆ ಬಾಕಿ, ಹಳೆಯ ಸಾಲಗಾರ, ಮರುಕಳಿಸಿದ ಕುಡಿತ ಇವುಗಳನ್ನು ಹೇಳಿಕೊಳ್ಳಲು ಯಾರೂ ಇರುವುದಿಲ್ಲವೆಂದು. ಈ ಭೇಟಿಗೆ ಬೇಕಾಗುವ ಹಣವನ್ನು ನಿಮ್ಮ ಮೊದಲ ವರ್ಷದ ಅಂದಾಜು ಪಟ್ಟಿಯಲ್ಲಿಯೇ ಸೇರಿಸಿಡಿ.